ಬರ್ಕ್‌ಲಿ ಮತ್ತು ಶಂಕರ ಒಂದೇ ಅಲ್ಲ

ಮಾನ್ಯರೇ,

ಕಳೆದ ಭಾನುವಾರ ನಮ್ಮೂರಲ್ಲಿ ಒಂದು ಉಪನ್ಯಾಸ. ‘ಐರಿಶ್ ತತ್ತ್ವಜ್ಞಾನಿ ಬರ್ಕ್‌ಲಿ 1710ರಲ್ಲಿ ಹೇಳಿದ್ದನ್ನು ಶಂಕರಾಚಾರ್ಯರು ಎಂದೋ ಹೇಳಿಬಿಟ್ಟಿದ್ದರು’ ಎಂದಿದ್ದೇ ತಡ, ಚಪ್ಪಾಳೆಯೋ ಚಪ್ಪಾಳೆ. ನನಗೆ ಕೈ ಏಳಲಿಲ್ಲ.

ವಸ್ತುವಿನ ಇರವೆಂದರೆ ಅದು ಮನಸ್ಸಿಗೆ ಕಾಣುವುದಷ್ಟೇ ಎಂದವನು ಬರ್ಕ್‌ಲಿ. ನಮ್ಮಲ್ಲಿ ಅವನಿಗೆ ಹತ್ತಿರದವರು ವಿಜ್ಞಾನವಾದಿ ಬೌದ್ಧರು, ಅಂದರೆ ಇರುವುದು ಅರಿವು ಮಾತ್ರ ಎನ್ನುವವರು. ಶಂಕರರೋ, ಬ್ರಹ್ಮಸೂತ್ರದ ‘ನಾಭಾವ ಉಪಲಬ್ಧೇಃ’ (ಕಾಣುತ್ತಿರುವುದರಿಂದ ಹೊರಗಿನ ವಸ್ತು ಇಲ್ಲವೆನ್ನಲಾಗದು) ಎಂಬ ಸೂತ್ರದ ಭಾಷ್ಯದಲ್ಲಿ ಅವರನ್ನೇ ಹಿಡಿದು ಜಾಡಿಸುತ್ತಾರೆ. ಹೊರಗಿನ ವಸ್ತು ಕಾಣುತ್ತಿದ್ದರೂ ಇಲ್ಲವೆನ್ನುವವನು, ಊಟ ಮಾಡುತ್ತ, ಹೊಟ್ಟೆ ತುಂಬಿದ ತೃಪ್ತಿಯನ್ನೂ ಅನುಭವಿಸುತ್ತ, ‘ನಾನು ಉಣ್ಣುತ್ತಲೂ ಇಲ್ಲ, ತೃಪ್ತಿಯೂ ಇಲ್ಲ’ ಎನ್ನುವವನಂತೆ! ಎಲೆ ಮುಂದೆ ಕೂತವರಿಗೆ ಇದಕ್ಕಿಂತ ಬಿಡಿಸಿ ಹೇಳುವುದು ಹೇಗೆ?

ಹೋಲಿಸಲೇಬೇಕೆಂದರೆ ಜರ್ಮನ್ ತತ್ತ್ವಜ್ಞಾನಿ ಕಾಂಟ್ ಇದ್ದಾನೆ. ಅವನೂ ತನ್ನ ‘ಕ್ರಿಟಿಕ್ ಆಫ್ ಪ್ಯೂರ್ ರೀಸನ್’ ಗ್ರಂಥದ 1787ರ ಪರಿಷ್ಕೃತ ಆವೃತ್ತಿಯಲ್ಲಿ ಬರ್ಕ್‌ಲಿಯ ಹೆಸರೆತ್ತಿಯೇ ಆ ಬಗೆಯ ವಾದದಿಂದ ದೂರ ಸರಿದ. ವ್ಯವಹಾರದಲ್ಲಿ ಜಗತ್ತು ನಿಜ, ಕೊನೆಯ ಮಾತು ಬೇರೆ ಎಂಬಲ್ಲಿ ಕಾಂಟ್, ಶಂಕರ ಇಬ್ಬರೂ ತುಸು ಹತ್ತಿರ. ಆದರೆ ವಸ್ತುವಿನ ನಿಜರೂಪ ನಮ್ಮ ಅರಿವಿಗೆ ಎಟುಕದು ಎಂದ ಕಾಂಟ್. ಶಂಕರರಿಗೆ ಬ್ರಹ್ಮಜ್ಞಾನವೇ ಗುರಿ. ಇನ್ನು ಜಗತ್ತು ಪೂರ್ತಿ ಸತ್ಯವೆಂದ ಉಡುಪಿಯ ಮಧ್ವರನ್ನು ಉಪನ್ಯಾಸಕರ ಈ ‘ಪೂರ್ವದ ಜ್ಞಾನ’ದೊಳಗೆ ಎಲ್ಲಿ ಕೂರಿಸುವುದು?

ಚಹಾದ ಹೊತ್ತಿಗೆ ಉಪನ್ಯಾಸಕರ ಬಳಿ ಇದನ್ನೇ ಕೇಳಿದೆ. ‘ನೀವು ಮಾಧ್ವರೇ?’ ಎಂದು ನಕ್ಕರು. ಗಣಿತದ ಮೇಷ್ಟ್ರು ಎಂದೆ.

– ನಿವೃತ್ತ ಶಿಕ್ಷಕ, ಶಿರಸಿ