ಹಸಿ ಬ್ರಾಂಬಲ್ ಎಲೆಯ ಚೀಲ ಇನ್ನು ಬರುವುದಿಲ್ಲ

ಮೊಲ ಸಾಕುವ ಗೆಳೆಯರಿಗೆ,

ವಾರಕ್ಕೊಂದು ಚೀಲ ಹಸಿ ಬ್ರಾಂಬಲ್ ಎಲೆ, ಅಂದರೆ ಕಾಡು ಬ್ಲ್ಯಾಕ್‌ಬೆರಿ ಎಲೆ ಕಳಿಸುವುದನ್ನು ನಾವು ನಿಲ್ಲಿಸುತ್ತಿದ್ದೇವೆ. ಮುಂದಿನ ತಿಂಗಳಿಂದ ನೆರಳಲ್ಲಿ ಒಣಗಿಸಿದ ಎಲೆ ಕಾಗದದ ಪೊಟ್ಟಣದಲ್ಲಿ ಬರುತ್ತದೆ. ಹಸಿಯೇ ಬೇಕು ಅನ್ನುವವರಿಗೆ ಬೇರು ಬಿಟ್ಟ ಒಂದು ಗಿಡ ಕೊಡುತ್ತೇವೆ.

ತಪ್ಪು ನಮ್ಮದೇ. ಹೋದ ತಿಂಗಳು ಒಬ್ಬರು ಚೀಲ ವಾಪಸ್ ತಂದರು. ಕೈ ಹಾಕಿದರೆ ಒಳಗೆ ಬೆಚ್ಚಗಿತ್ತು, ಜ್ವರ ಬಂದವರ ಹಣೆ ಮುಟ್ಟಿದ ಹಾಗೆ. ಮೇಲಿನ ಎಲೆಗಳು ಹಸಿರಾಗಿಯೇ ಇದ್ದವು. ನಡುವಿನವು ಕಪ್ಪಾಗಿ ಒಂದಕ್ಕೊಂದು ಅಂಟಿಕೊಂಡಿದ್ದವು, ಹುಳಿ ವಾಸನೆ ಬೇರೆ. ಇಬ್ಬನಿ ಆರುವ ಮೊದಲೇ ಕೊಯ್ದು, ಒತ್ತಿ ತುಂಬಿ, ಬಾಯಿ ಕಟ್ಟಿದ್ದೆವು. ಕೊಯ್ದ ಎಲೆಯೂ ಉಸಿರಾಡುತ್ತದೆ, ಶಾಖ ಬಿಡುತ್ತದೆ. ಗಾಳಿ ಆಡದಿದ್ದರೆ ಚೀಲದೊಳಗೇ ಬೇಯುತ್ತದೆ. ಮೊಲಕ್ಕೆ ವಾಂತಿ ಮಾಡಲು ಬರುವುದಿಲ್ಲ, ಕೆಟ್ಟದ್ದು ತಿಂದರೆ ಅದು ಹೊಟ್ಟೆಯಲ್ಲೇ ಉಳಿಯುತ್ತದೆ. ಪುಣ್ಯಕ್ಕೆ ಅವರು ಮೊದಲು ಮೂಸಿ ನೋಡಿದ್ದರು.

ಇನ್ನೊಂದು ಕಾರಣ, ನಾವು ಕೊಯ್ಯುವ ಜಾಗ. ಇಷ್ಟು ದಿನ ಬೇಲಿ ಪಕ್ಕದ ಕಾಡು ಪೊದೆಗಳೇ ನಮಗೆ ಆಧಾರ. ಈ ಸಲ ಹೋಗಿ ನೋಡಿದರೆ ಒಂದು ಬದಿಯ ಚಿಗುರೆಲ್ಲ ತಿರುಚಿ, ಮುದುರಿಕೊಂಡಿತ್ತು. ಕಳೆನಾಶಕ ಬಿದ್ದ ಹಾಗೆ ಕಂಡಿತು. ಬರಿಗೈಲಿ ವಾಪಸ್ ಬಂದೆವು. ಆದರೆ ಹೊಡೆದು ಒಂದೇ ದಿನವಾಗಿದ್ದರೆ? ಎಲೆ ನೋಡಿ ಏನೂ ಗೊತ್ತಾಗುತ್ತಿರಲಿಲ್ಲ. ಆ ಯೋಚನೆ ಬಂದ ಮೇಲೆ ಬೇಲಿ ಕಡೆ ಕತ್ತರಿ ಹಿಡಿದು ಹೋಗಲು ಯಾರಿಗೂ ಮನಸ್ಸಾಗಲಿಲ್ಲ.

ಹಾಗಾಗಿ ಇನ್ನು ಮುಂದೆ ನಮ್ಮದೇ ಸಾಲಿನ ಎಲೆ ಮಾತ್ರ. ಮುಳ್ಳಿಲ್ಲದ ತಳಿ ಹಾಕಿದ್ದೇವೆ. ಅದು ಮೊಲದ ಸಲುವಾಗಿ ಅಲ್ಲ, ನಮ್ಮ ಬೆರಳಿನ ಸಲುವಾಗಿ! ಮೊಲಗಳು ಮುಳ್ಳಿಗೆ ಅಷ್ಟೇನೂ ಹೆದರುವುದಿಲ್ಲ. ನಮ್ಮಲ್ಲಿರುವ ಬೂದು ಮೊಲ ಎಲೆಯನ್ನು ತೊಟ್ಟಿನ ಕಡೆಯಿಂದ ಹಿಡಿದು, ಮೆಷಿನ್‌ಗೆ ಕಾಗದ ಕೊಟ್ಟ ಹಾಗೆ ಒಳಗೆ ಎಳೆದುಕೊಳ್ಳುತ್ತದೆ. ತುದಿ ಮಾಯವಾಗುವ ಮೊದಲೇ ಇನ್ನೊಂದಕ್ಕೆ ಮುಖ ಎತ್ತುತ್ತದೆ.

ಪೊಟ್ಟಣ ಹಗುರ ಇದೆ ಅಂತ ಬೇಸರ ಮಾಡಬೇಡಿ. ಎಲೆಯ ತೂಕದಲ್ಲಿ ಜಾಸ್ತಿ ಪಾಲು ನೀರೇ, ಒಣಗಿದರೆ ಅದು ಹೋಗುತ್ತದೆ. ಅದಕ್ಕೇ ಒಣ ಎಲೆ ಕೊಡುವಾಗ ನೀರಿನ ಬಟ್ಟಲು ತುಂಬಿರಲಿ. ಮೊಲಕ್ಕೆ ದಿನಕ್ಕೆ ಮೈತೂಕದ ಪ್ರತಿ ಕಿಲೋಗೆ 50ರಿಂದ 150 ಮಿಲಿ ನೀರು ಬೇಕು. ಎಲೆ ಮುರಿದರೆ ಪಟ್ ಅಂತ ಶಬ್ದ ಬರಬೇಕು. ಬಾಗಿದರೆ ತೇವ ಹಿಡಿದಿದೆ ಅಂತ ಅರ್ಥ, ಕೊಡಬೇಡಿ. ಎಲೆ ಮೇಲೆ ಯಾರೋ ಬಿಳಿ ಪೆನ್ನಿನಿಂದ ಗೀಚಿದ ಹಾಗೆ ಗೆರೆ ಕಂಡರೆ ಅದು ಪುಟ್ಟ ಹುಳು ಒಳಗೇ ತಿಂದು ಹೋದ ದಾರಿ, ತೊಂದರೆ ಇಲ್ಲ. ಮೇಲೆ ನೇರಳೆ ಚುಕ್ಕೆ, ಹಿಂದೆ ಪುಡಿಪುಡಿ ಇದ್ದರೆ ತುಕ್ಕು ರೋಗ. ಅಂಥದ್ದನ್ನು ನಾವೇ ಆರಿಸಿ ಎಸೆಯುತ್ತೇವೆ. ನಮ್ಮ ಕಣ್ಣು ತಪ್ಪಿ ಬಂದರೆ ನೀವೂ ಎಸೆಯಿರಿ.

ಹಸಿಯಾಗಲಿ ಒಣವಾಗಲಿ, ಇದು ಊಟವಲ್ಲ, ಜೊತೆಗೆ ಕೊಡುವ ತಿಂಡಿ. ಊಟ ಅಂದರೆ ಒಣಹುಲ್ಲೇ. ಎಲೆಯಲ್ಲಿ ಟ್ಯಾನಿನ್ ಇರುವುದರಿಂದ ಸ್ವಲ್ಪ ಒಗರು. ಹೊಸದಾಗಿ ಕೊಡುವವರು ದಿನಕ್ಕೆ ಒಂದೆರಡು ಎಲೆಯಿಂದ ಶುರು ಮಾಡಿ, ಹಿಕ್ಕೆ ನೋಡಿಕೊಂಡು ಹೆಚ್ಚಿಸಿ. ಮೊಲ ತಿನ್ನುವುದನ್ನೋ ಹಿಕ್ಕೆ ಹಾಕುವುದನ್ನೋ ನಿಲ್ಲಿಸಿದರೆ ನಾಳೆ ನೋಡೋಣ ಅನ್ನಬೇಡಿ, ಅವತ್ತೇ ಪಶುವೈದ್ಯರ ಹತ್ತಿರ ಹೋಗಿ.

ಗಿಡ ತೆಗೆದುಕೊಳ್ಳುವವರಿಗೆ ಒಂದು ಮಾತು. ದೊಡ್ಡ ಕುಂಡದಲ್ಲೇ ಇಡಿ. ನೆಲಕ್ಕೆ ಬಿಟ್ಟರೆ ಇದು ಸುಮ್ನೆ ಇರುವ ಗಿಡವಲ್ಲ: ಕಡ್ಡಿಯ ತುದಿ ಮಣ್ಣಿಗೆ ತಾಗಿದರೆ ಸಾಕು, ಅಲ್ಲೇ ಬೇರು ಬಿಟ್ಟು ಹೊಸ ಗಿಡವಾಗುತ್ತದೆ. ಕೆಲವು ದೇಶಗಳಲ್ಲಿ ಇದನ್ನು ಕಳೆ ಅಂತಲೇ ಲೆಕ್ಕ ಹಾಕುತ್ತಾರೆ. ನಿಮಗೆ ಕೊಡುವ ಗಿಡಗಳನ್ನೂ ನಾವು ಹಾಗೇ ಮಾಡಿದ್ದು, ತುದಿ ಬಗ್ಗಿಸಿ ಮಣ್ಣಲ್ಲಿ ಹೂತು. ಒಂದು ಕಡ್ಡಿ ಮೊದಲ ವರ್ಷ ಎಲೆ ಬಿಡುತ್ತದೆ, ಎರಡನೇ ವರ್ಷ ಹಣ್ಣು ಬಿಟ್ಟು ಸಾಯುತ್ತದೆ. ಸತ್ತದ್ದನ್ನು ಬುಡಕ್ಕೆ ಕತ್ತರಿಸಿ. ಮೊದಲ ಬೇಸಿಗೆ ಎಲೆ ಕೀಳದೆ ತಡೆದುಕೊಳ್ಳಿ. ಕಷ್ಟ ಅಂತ ಗೊತ್ತು, ಮೊಲ ನೋಡುತ್ತಲೇ ಇರುತ್ತದಲ್ವಾ.

ಹೊರಗೆ ಕಾಡು ಪೊದೆಯಿಂದ ಕೊಯ್ಯುವವರು ಎಲೆ ತಿರುಗಿಸಿ ನಡುನರದ ಮೇಲೆ ಬೆರಳಾಡಿಸಿ. ಸಣ್ಣ ಕೊಕ್ಕೆ ಮುಳ್ಳು ಸಿಗಬೇಕು. ಮುಟ್ಟಿದರೆ ಮೈ ತುರಿಸಿ ಗುಳ್ಳೆ ಏಳಿಸುವ ಪಾಯ್ಸನ್ ಐವಿ ಅನ್ನುವ ಗಿಡಕ್ಕೂ ಮೂರು ಎಲೆಯ ಗೊಂಚಲೇ, ಆದರೆ ಅದಕ್ಕೆ ಮುಳ್ಳಿಲ್ಲ. ಹಾಗಾಗಿ ಮೊದಲು ಕಡ್ಡಿಯಲ್ಲಿ ಮುಳ್ಳು ಕಾಣುತ್ತದಾ ನೋಡಿ, ಆಮೇಲೆ ಮುಟ್ಟಿ. ರಸ್ತೆ ಬದಿ, ನಾಯಿ ಓಡಾಡುವ ದಾರಿ ಬೇಡ.

ಮುಂಗಡ ಕಟ್ಟಿದವರ ಬಾಕಿ ಚೀಲಗಳಿಗೆ ಪೊಟ್ಟಣ ಬೇಕೋ, ಗಿಡ ಬೇಕೋ, ಹಣವೇ ವಾಪಸ್ ಬೇಕೋ, ಈ ತಿಂಗಳು ಮುಗಿಯುವುದರೊಳಗೆ ತಿಳಿಸಿ. ಮನೆಯಲ್ಲಿ ಉಳಿದಿರುವ ಹಳೆ ಹಸಿ ಚೀಲ ಇದ್ದರೆ, ದಯವಿಟ್ಟು ಗೊಬ್ಬರದ ಗುಂಡಿಗೆ ಹಾಕಿ.

ಇಂತಿ,
ಎಲೆ ಕೊಯ್ಯುವ ನಾವು ಐದು ಜನ