ಫಿಲ್ಟರ್ ಬಾಕ್ಸಿಗೆ ತೂತು ಹೊಡೆಯುವ ಮೊದಲು

ಸಂಪಾದಕರೇ,

ಕಾಫಿ ಕುಯ್ಲು ಮುಗಿದು ಕೈಯಲ್ಲಿ ನಾಲ್ಕು ಕಾಸು ಓಡಾಡುವ ಹೊತ್ತಿಗೆ ನಮ್ಮ ಕೊಡಗಿನ ಸುಂಟಿಕೊಪ್ಪದ ಕಡೆ ಹುಡುಗರ ಬೈಕುಗಳ ಸದ್ದೇ ಬದಲಾಗುತ್ತದೆ. ಸೈಲೆನ್ಸರ್ ಬದಲಿಸಿದರೆ ಪೊಲೀಸರು ಹಿಡಿಯುತ್ತಾರೆ ಅಂತ ಈಗ ಸೀಟಿನ ಕೆಳಗೆ ಕೈ ಹಾಕುತ್ತಿದ್ದಾರೆ. ಎಂಜಿನ್ನಿಗೆ ಹೋಗುವ ಗಾಳಿ ಸೋಸುವ ಏರ್ ಫಿಲ್ಟರ್ ಬಾಕ್ಸಿನ ಬಾಯಿಗಿರುವ ರಬ್ಬರ್ ಕೊಳವೆ ಕಿತ್ತು, ಮುಚ್ಚಳಕ್ಕೆ ತೂತು ಹೊಡೆಯುತ್ತಾರೆ. ಕೆಲವರು ಬಾಕ್ಸನ್ನೇ ತೆಗೆದು ಗಾಳಿಗೆ ಪೆಟ್ರೋಲ್ ಬೆರೆಸುವ ಕಾರ್ಬುರೇಟರಿಗೆ ನೇರವಾಗಿ ಕೋನ್ ಫಿಲ್ಟರ್ ಸಿಕ್ಕಿಸುತ್ತಾರೆ. ಮೊನ್ನೆ ಪಕ್ಕದ ಮನೆ ಹುಡುಗ ಡ್ರಿಲ್ ಕೇಳಿಕೊಂಡು ಬಂದ. ಯಾಕೋ ಅಂದರೆ, "ಗಾಡಿಗೆ ಗಾಳಿ ಸಾಕಾಗ್ತಿಲ್ಲ ಅಣ್ಣಾ" ಅಂದ. ನಾನು ಕೊಡಲಿಲ್ಲ. ಯಾಕೆ ಕೊಡಲಿಲ್ಲ ಅನ್ನೋದನ್ನ ಗೇಟಿನ ಹತ್ತಿರ ನಿಂತು ಹೇಳಿ ಮುಗಿಸೋಕಾಗಲಿಲ್ಲ, ಅದಕ್ಕೇ ಈ ಪತ್ರ.

ನಾನೂ ಇದೇ ಕೆಲಸ ಮಾಡಿದವನು. ನನ್ನದು 150 ಸಿಸಿಯ ಹಳೇ ಕಾರ್ಬುರೇಟರ್ ಬೈಕು. ಮುಚ್ಚಳಕ್ಕೆ ಐದು ತೂತು ಹೊಡೆದೆ. ಆಕ್ಸಲರೇಟರ್ ತಿರುಗಿಸಿದರೆ ಸೀಟಿನ ಕೆಳಗಿಂದ ಗುಂಯ್ ಅಂತ ಎಂಥಾ ಸದ್ದು! ಪಿಕಪ್ ಜಾಸ್ತಿ ಆಯ್ತು ಅಂತಲೇ ನಂಬಿದ್ದೆ. ಆಮೇಲೆ ಒಂದು ಭಾನುವಾರ ಆನೆಕಾಡು ದಾಟಿದ ಮೇಲಿನ ಏರಿನಲ್ಲಿ ಎರಡು ಕಿಲೋಮೀಟರ್ ಕಲ್ಲುಗಳ ನಡುವೆ ಗೆಳೆಯನನ್ನು ಹಿಂದೆ ಕೂರಿಸಿಕೊಂಡು ಟೈಮ್ ನೋಡಿಸಿದೆ. ತೂತು ತೆರೆದು ಒಂದು ಸಲ, ಟೇಪ್ ಅಂಟಿಸಿ ಒಂದು ಸಲ. ಒಂದು ಸೆಕೆಂಡಿನ ವ್ಯತ್ಯಾಸವೂ ಇರಲಿಲ್ಲ. ಜಾಸ್ತಿಯಾಗಿದ್ದು ಸದ್ದು ಮಾತ್ರ.

ಆ ಪ್ಲಾಸ್ಟಿಕ್ ಪೆಟ್ಟಿಗೆಯನ್ನು ಸುಮ್ನೆ ಇಟ್ಟಿಲ್ಲ. ಒಂದೇ ಸಿಲಿಂಡರಿನ ಎಂಜಿನ್ ಗಾಳಿಯನ್ನು ಒಂದೇ ಸಮನೆ ಎಳೆಯುವುದಿಲ್ಲ, ಗುಟುಕು ಗುಟುಕಾಗಿ ಎಳೆಯುತ್ತದೆ. ಪ್ರತಿ ಗುಟುಕಿಗೂ ಗಾಳಿ ಸಿದ್ಧವಾಗಿ ನಿಂತಿರಲಿ ಅಂತಲೇ ಆ ಬಾಕ್ಸಿನ ಅಳತೆ, ಆ ಕೊಳವೆಯ ಉದ್ದ. ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಕಾರ್ಬುರೇಟರಿನಲ್ಲಿ ಪೆಟ್ರೋಲ್ ಬಿಡುವ ಜೆಟ್ ಆ ಬಾಕ್ಸಿಗೆ ಹೊಂದುವ ಹಾಗೆ ಕೂರಿಸಿದ್ದು. ಜೆಟ್ ಮುಟ್ಟದೆ ಗಾಳಿ ಮಾತ್ರ ಜಾಸ್ತಿ ಬಿಟ್ಟರೆ ಮಿಕ್ಸ್ಚರ್ ಲೀನ್ ಆಗುತ್ತದೆ, ಅಂದರೆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇರುವುದಿಲ್ಲ, ಎಂಜಿನ್ ಕಾದು ಬಿಸಿಯಾಗುತ್ತದೆ, ಆಕ್ಸಲರೇಟರ್ ಬಿಟ್ಟಾಗ ಸೈಲೆನ್ಸರಿನಲ್ಲಿ ಪಟ್ ಪಟ್ ಅನ್ನುತ್ತದೆ. ಆ ಪಟ್ ಪಟ್‌ಗೆ ನಮ್ಮ ಹುಡುಗರು ಖುಷಿ ಪಡ್ತಾರೆ, ಅದೇ ನನಗೆ ಬೇಸರ. ಸಂಪಾಜೆಯಿಂದ ಮಡಿಕೇರಿಗೆ ಹತ್ತಿ ಬಂದು ಸ್ಪಾರ್ಕ್ ಪ್ಲಗ್ ಬಿಚ್ಚಿದರೆ ಅದರ ತುದಿ ಸುಣ್ಣ ಬಳಿದ ಹಾಗೆ ಬೆಳ್ಳಗಿತ್ತು. ಸರಿ ಇದ್ದಿದ್ದರೆ ಹಾಲು ಜಾಸ್ತಿ ಹಾಕಿದ ಕಾಫಿ ಬಣ್ಣ ಇರಬೇಕಿತ್ತು.

ಆದರೆ ನನ್ನ ಎಂಜಿನ್ ಹೋಗಿದ್ದು ಕಾವಿನಿಂದ ಅಲ್ಲ, ಮಣ್ಣಿನಿಂದ. ಡಿಸೆಂಬರಿನಿಂದ ಫೆಬ್ರವರಿ ತನಕ ನಮ್ಮ ತೋಟದ ರಸ್ತೆಗಳು ಹೇಗಿರುತ್ತವೆ ನಿಮಗೇ ಗೊತ್ತು. ಮುಂದೆ ಒಂದು ಜೀಪೋ ಟ್ರ್ಯಾಕ್ಟರೋ ಹೋದರೆ ಐದು ನಿಮಿಷ ಕೆಂಧೂಳು ಇಳಿಯುವುದಿಲ್ಲ. 150 ಸಿಸಿಯ ಎಂಜಿನ್ ನಿಮಿಷಕ್ಕೆ 6,000 ಸುತ್ತು ತಿರುಗುವಾಗ, ಪೂರ್ತಿ ಆಕ್ಸಲರೇಟರ್ ಕೊಟ್ಟರೆ, ಒಂದು ನಿಮಿಷದಲ್ಲಿ ಹತ್ತಿರ ಹತ್ತಿರ 400 ಲೀಟರ್ ಗಾಳಿ ಕುಡಿಯುತ್ತದೆ. ನಾನು ಹೊಡೆದ ಐದರಲ್ಲಿ ಒಂದು ತೂತು ಫಿಲ್ಟರಿನ ಈಚೆ, ಅಂದರೆ ಎಂಜಿನ್ ಕಡೆಗೆ ಬಿದ್ದಿತ್ತು, ನನಗೆ ಗೊತ್ತೇ ಆಗಿರಲಿಲ್ಲ. ಒಂದು ಕುಯ್ಲು ಮುಗಿಯುವಷ್ಟರಲ್ಲಿ ನೀಲಿ ಹೊಗೆ, ಅಂದರೆ ಎಂಜಿನ್ ಎಣ್ಣೆ ಉರಿಯುವ ಹೊಗೆ, ಶುರುವಾಯಿತು. ಮೆಕ್ಯಾನಿಕ್ ಅಣ್ಣ ಬಾಕ್ಸಿನಿಂದ ಕಾರ್ಬುರೇಟರಿಗೆ ಹೋಗುವ ರಬ್ಬರ್ ಪೈಪ್ ಬಿಚ್ಚಿ, "ಒಳಗೆ ಬೆರಳು ಹಾಕಿ ನೋಡು" ಅಂದರು. ಹಾಕಿದೆ. ಎಣ್ಣೆಗೆ ಅಂಟಿಕೊಂಡ ಕೆಂಪು ಮಣ್ಣು, ಮುಟ್ಟಿದರೆ ಉಪ್ಪುಕಾಗದ ಸವರಿದ ಹಾಗೆ. "ಇದು ಮಣ್ಣು ತಿಂದಿದೆ ಕಣಪ್ಪಾ" ಅಂದರು. ಸಿಲಿಂಡರ್ ಬೋರ್ ಮಾಡಿಸಿ, ಹೊಸ ಪಿಸ್ಟನ್, ಹೊಸ ರಿಂಗ್ ಹಾಕಿಸಬೇಕಾಯಿತು.

ಮಳೆಯಲ್ಲಿ ಇನ್ನೊಂದು ಕಥೆ. ಬಾಕ್ಸಿನ ಬಾಯಿಯನ್ನು ಸೀಟಿನ ಕೆಳಗೆ ಎತ್ತರದಲ್ಲಿ ಇಟ್ಟಿರುವುದೇ ಚಕ್ರ ಎರಚಿದ ನೀರು ಒಳಗೆ ಹೋಗದಿರಲಿ ಅಂತ. ಬಯಲಿಗೆ ಬಿಟ್ಟ ಕೋನ್ ಫಿಲ್ಟರಿಗೆ ಆ ಮರೆ ಇಲ್ಲ. ಭಾಗಮಂಡಲದಲ್ಲಿ ಸಂಗಮ ಉಕ್ಕಿ ರಸ್ತೆ ಮೇಲೆ ನೀರು ಬಂದಾಗ ಅಂಥ ಬೈಕು ದಾಟಿಸಲು ಹೋಗಿ ಸಿಲಿಂಡರಿಗೇ ನೀರು ನುಗ್ಗಿದರೆ ಪಿಸ್ಟನ್ನಿಗೆ ಸೇರಿದ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ನೀರನ್ನು ಪಿಸ್ಟನ್ ಒತ್ತಿ ಸಣ್ಣದು ಮಾಡಲಾಗುವುದಿಲ್ಲ ಅಲ್ವಾ.

ಹಾಗಾದರೆ ಹುಡುಗ ಹೇಳಿದ್ದು ಸುಳ್ಳಾ? ಪೂರ್ತಿ ಅಲ್ಲ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿ ಕರಾವಳಿಗಿಂತ ಹತ್ತರಲ್ಲಿ ಒಂದು ಪಾಲು ತೆಳು. ಮಂಗಳೂರಿನಲ್ಲಿ ಟ್ಯೂನ್ ಮಾಡಿದ ಕಾರ್ಬುರೇಟರ್ ಬೈಕು ಇಲ್ಲಿ ಸ್ವಲ್ಪ ರಿಚ್ ಆಗಿ, ಅಂದರೆ ಗಾಳಿಗಿಂತ ಪೆಟ್ರೋಲ್ ಜಾಸ್ತಿಯಾಗಿ, ಮಂಕಾಗಿ ಓಡುತ್ತದೆ. ಅದು ಬಾಕ್ಸಿನ ತಪ್ಪಲ್ಲ, ತೂತು ಹೊಡೆದರೂ ಗಾಳಿ ದಪ್ಪ ಆಗಲ್ಲ. ಹೊಡೆದ ಮೇಲೆ ಇಲ್ಲಿ ಹೇಗೋ ನಡೆದರೂ ಘಾಟಿ ಇಳಿದು ಸುಳ್ಯ ಸೇರುವಷ್ಟರಲ್ಲಿ ಗಾಳಿ ದಪ್ಪವಾಗಿ ಇನ್ನಷ್ಟು ಲೀನ್. 2020ರ ಏಪ್ರಿಲ್ ನಂತರದ ಬಿಎಸ್6 (ಹೊಗೆ ನಿಯಮ) ಬೈಕುಗಳಲ್ಲಿ ಪೆಟ್ರೋಲ್ ಹೆಚ್ಚು ಕಡಿಮೆ ಮಾಡಿಸುವ ಸೆನ್ಸರ್ ಇದೆ, ಅದೇ ಸರಿ ಮಾಡಿಕೊಳ್ಳುತ್ತೆ ಅನ್ನುವವರಿದ್ದಾರೆ. ಅದು ಸರಿ ಮಾಡಿಕೊಳ್ಳುವುದಕ್ಕೂ ಒಂದು ಮಿತಿ ಇದೆ. ಮಣ್ಣನ್ನಂತೂ ಯಾವ ಸೆನ್ಸರೂ ತಡೆಯುವುದಿಲ್ಲ.

ಮನೆಯಲ್ಲೇ ಮಾಡುವ ಆಸೆ ಇದ್ದರೆ ಮಾಡಿ, ಆಸೆ ಒಳ್ಳೆಯದೇ. ಕುಯ್ಲಿನ ತಿಂಗಳುಗಳಲ್ಲಿ ಬೈಕಿನ ಪುಸ್ತಕದಲ್ಲಿ ಬರೆದ ಕಿಲೋಮೀಟರ್ ಆಗಲಿ ಅಂತ ಕಾಯದೆ ಫಿಲ್ಟರ್ ತೆಗೆದು ನೋಡಿ. ಸ್ಪಂಜಿನದಾದರೆ ಸೋಪು ನೀರಲ್ಲಿ ತೊಳೆದು, ನೆರಳಲ್ಲಿ ಒಣಗಿಸಿ, ಎಣ್ಣೆ ಹಾಕಿ ಹಿಂಡಿ. ಪೇಪರಿನದಾದರೆ ತೊಳೆಯಬೇಡಿ, ಹೊಸದು ಹಾಕಿ. ರಬ್ಬರ್ ಪೈಪಿನ ಕ್ಲಾಂಪ್ ಬಿಗಿ ಇದೆಯಾ, ಪೈಪ್ ಬಿರುಕು ಬಿಟ್ಟಿದೆಯಾ ನೋಡಿ. ನನ್ನ ಗಾಡಿಗೆ ನಿಜವಾದ ಪಿಕಪ್ ಬಂದಿದ್ದು ಹೊಸ ಬಾಕ್ಸು, ಹೊಸ ಫಿಲ್ಟರ್ ಹಾಕಿ, ಮಡಿಕೇರಿಯಲ್ಲೇ ಟ್ಯೂನ್ ಮಾಡಿಸಿದ ದಿನ.

ಜಿಲ್ಲೆಯ ಐಟಿಐ, ಪಾಲಿಟೆಕ್ನಿಕ್ ಮೇಷ್ಟ್ರುಗಳಲ್ಲಿ ಒಂದು ಕೇಳಿಕೆ. ಮಳೆ ಹಿಡಿಯುವ ಮೊದಲು ಒಂದು ಭಾನುವಾರ ಹುಡುಗರನ್ನು ಬೈಕು ಸಮೇತ ಕರೆಯಿರಿ. ಬಾಕ್ಸ್ ಬಿಚ್ಚಿ, ಪ್ಲಗ್ ಬಿಚ್ಚಿ, ಅವರ ಕೈಗೇ ಕೊಟ್ಟು ತೋರಿಸಿ. ಐದು ತೂತಿನ ನನ್ನ ಹಳೇ ಮುಚ್ಚಳ, ಸವೆದ ಪಿಸ್ಟನ್ ಇನ್ನೂ ನನ್ನ ಹತ್ತಿರ ಇವೆ. ಕರೆದರೆ ಎರಡನ್ನೂ ತೆಗೆದುಕೊಂಡು ಬರುತ್ತೇನೆ, ಪಕ್ಕದ ಮನೆ ಹುಡುಗನನ್ನೂ.

ಒಬ್ಬ ಓದುಗ,
ಸುಂಟಿಕೊಪ್ಪ