ಫೀಲ್ಡ್ ಮಾರ್ಷಲ್ ಮೊದಲು ಯಾರು?

ಸಂಪಾದಕರೇ,

ಮೊನ್ನೆ ಮೊಮ್ಮಗಳ ಶಾಲೆಯ ಕ್ವಿಜ್‌ನಲ್ಲಿ ‘ಭಾರತದ ಮೊದಲ ಫೀಲ್ಡ್ ಮಾರ್ಷಲ್ ಯಾರು?’ ಎಂಬ ಪ್ರಶ್ನೆ ಬಂತು. ‘ಮಾಣೆಕ್ ಷಾ’ ಎಂದು ಬರೆದವಳಿಗೆ ಸೊನ್ನೆ. ಸರಿ ಉತ್ತರ ಕಾರಿಯಪ್ಪ ಅಂತೆ! ನಾನೂ ಕೊಡಗಿನವನೇ, ಹವಾಲ್ದಾರ್ ಆಗಿ ನಿವೃತ್ತನಾದವನು. ಹಾಗಂತ ಸುಳ್ಳು ಒಪ್ಪೋಕಾಗುತ್ತಾ? ಮಾಣೆಕ್ ಷಾ ಅವರಿಗೆ ಆ ಪದವಿ ಸಿಕ್ಕಿದ್ದು 1973ರಲ್ಲಿ, ಕಾರಿಯಪ್ಪನವರಿಗೆ 1986ರಲ್ಲಿ. ಕಾರಿಯಪ್ಪನವರು ಸೇನೆಯ ಮೊದಲ ಭಾರತೀಯ ಮಹಾದಂಡನಾಯಕರು. 1949ರ ಜನವರಿ 15ರಂದು ಬ್ರಿಟಿಷ್ ಜನರಲ್ ಬುಚರ್ ಅವರಿಂದ ಅಧಿಕಾರ ವಹಿಸಿಕೊಂಡರು. ಸೇನಾ ದಿನ ಬಂದಿದ್ದೇ ಅದರಿಂದ.

ಇನ್ನು ನಮ್ಮ ಕೊಡಗಿನವರೇ ಆದ ಜನರಲ್ ತಿಮ್ಮಯ್ಯನವರನ್ನು ಕ್ವಿಜ್‌ನವರು ಕೇಳೋದೇ ಇಲ್ಲ. ಪಾಕಿಸ್ತಾನದ ಜೊತೆ ಯುದ್ಧ ನಡೆಯುತ್ತಿದ್ದ 1948ರ ನವೆಂಬರ್‌ನಲ್ಲಿ, ಕಾಶ್ಮೀರದಿಂದ ಲಡಾಖ್‌ಗೆ ದಾಟುವ ಜೋಜಿ ಲಾ ಕಣಿವೆಗೆ ಟ್ಯಾಂಕ್ ಹತ್ತಿಸಿದ ಪುಣ್ಯಾತ್ಮ ಅವರು. ಸುಮಾರು 11,500 ಅಡಿ ಎತ್ತರ, ಹಿಮ ಬೇರೆ. ಶತ್ರುವಿಗೆ ಸುಳಿವು ಸಿಗಬಾರದೆಂದು ಟ್ಯಾಂಕುಗಳ ತಿರುಗುವ ತಲೆಯನ್ನೇ ಬಿಚ್ಚಿ, ಟಾರ್ಪಾಲ್ ಹೊದಿಸಿ ಜಮ್ಮುವಿನಿಂದ ಶ್ರೀನಗರಕ್ಕೆ ತಂದಿದ್ದರು. ಹೇಸರಗತ್ತೆ ನಡೆಯುವ ದಾರಿಯನ್ನು ಟ್ಯಾಂಕ್ ಹೋಗುವಷ್ಟು ಅಗಲ ಮಾಡಿದವರು ನಮ್ಮ ಮದ್ರಾಸ್ ಸ್ಯಾಪರ್ಸ್, ಅಂದರೆ ರಸ್ತೆ, ಸೇತುವೆ ಕಟ್ಟುವ ಸೇನೆಯ ಎಂಜಿನಿಯರ್ ಪಡೆ. ‘ನಮ್ಮ’ ಅಂದೆ, ಯಾಕೆಂದರೆ ಬೆಂಗಳೂರಿನ ಹಲಸೂರು ಕೆರೆ ಪಕ್ಕದ ಅದೇ ಸೆಂಟರ್‌ನಲ್ಲಿ ನಾನೂ ಗುದ್ದಲಿ ಹಿಡಿದವನು. ಬಂಡೆ ಒಡೆಯೋದು ಎಷ್ಟು ಕಷ್ಟ ಅಂತ ಈಗಲೂ ಸೊಂಟ ಹೇಳುತ್ತದೆ.

ಮಡಿಕೇರಿಯಲ್ಲಿ ತಿಮ್ಮಯ್ಯನವರ ಮನೆ ‘ಸನ್ನಿಸೈಡ್’ ಈಗ ಮ್ಯೂಸಿಯಂ. ಕ್ವಿಜ್ ಮಾಡುವ ಮೇಷ್ಟ್ರುಗಳು ಮಕ್ಕಳನ್ನು ಒಂದು ಸಲ ಅಲ್ಲಿಗೆ ಕರೆದುಕೊಂಡು ಹೋಗಲಿ. ಮೊಮ್ಮಗಳ ಒಂದು ಅಂಕ ವಾಪಸ್ ಕೊಟ್ಟರೆ ಇನ್ನೂ ಸಂತೋಷ.

– ನಿವೃತ್ತ ಹವಾಲ್ದಾರ್, ಮಡಿಕೇರಿ